ತೆರೆಯ ದೈತ್ಯರೂ ಅಜ್ಜಂಪುರದ ಹೋರಿಯೂ

ಹಿಂದಿನ ಕಾಲದ ದೈತ್ಯಪ್ರಾಣಿಗಳ ಚಲಚ್ಚಿತ್ರಗಳನ್ನು ಕಂಡು ನಗುವುದು ಸುಲಭ. ರಬ್ಬರಿನ ಚರ್ಮ, ರಟ್ಟಿನ ಊರು, ಗೊಂಬೆಯ ಕಾಲು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಅವೈಜ್ಞಾನಿಕವೆಂದು ಅವುಗಳನ್ನು ತಳ್ಳಿಹಾಕುವ ಹಿರಿಯರೂ ಉಂಟು. ನಾವು ಈ ಮಾತನ್ನು ಒಪ್ಪಲಾರೆವು. ವಿಜ್ಞಾನದ ಪಾಠಕ್ಕೆ ಇಷ್ಟು ಒಳ್ಳೆಯ ತಪ್ಪುಗಳು ಬೇರೆಡೆ ದೊರೆಯುವುದು ಅಪೂರ್ವ.

1954ರ ‘ದೆಮ್!’ ಎಂಬ ಅಮೆರಿಕದ ಚಿತ್ರದಲ್ಲಿ ಅಣುಬಾಂಬಿನ ವಿಕಿರಣದ ಫಲವಾಗಿ ಇರುವೆಗಳು ಮನುಷ್ಯನಿಗಿಂತಲೂ ದೊಡ್ಡವಾಗುತ್ತವೆ. ಇದು ಸಾಧ್ಯವೇ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಕಡೂರು, ತರೀಕೆರೆಗಳ ಕಡೆಯವರು ಅಜ್ಜಂಪುರದ ಅಮೃತಮಹಲ್ ಹೋರಿಯನ್ನು ಬಲ್ಲರು. ಅದರ ತೂಕ 500 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಉದ್ದ, ಅಗಲ, ಎತ್ತರ ಮೂರನ್ನೂ 10 ಪಟ್ಟು ಹಿಗ್ಗಿಸಿದರೆ ತೂಕ 1,000 ಪಟ್ಟಾಗಿ 500 ಟನ್ನಿಗೇರುವುದು. ಕಾಲಿನ ಮೂಳೆಯ ಬಲವಾದರೋ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸಿ 100 ಪಟ್ಟು ಮಾತ್ರ ಹೆಚ್ಚುವುದು. ಮೂಳೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಮೊದಲಿನ ಹತ್ತರಷ್ಟು ಭಾರ! ಹೋರಿ ಎದ್ದು ನಿಲ್ಲಲಾರದು. ಗೆಲಿಲಿಯೋ 1638ರಲ್ಲಿಯೇ ಈ ತತ್ತ್ವವನ್ನು ವಿವರಿಸಿದ್ದನು. ಇರುವೆಗೂ ಇದೇ ನಿಯಮ. ಮೇಲಾಗಿ, ಶ್ವಾಸಕೋಶವಿಲ್ಲದೆ ಮೈಮೇಲಿನ ಸಣ್ಣ ರಂಧ್ರಗಳ ಮೂಲಕ ಉಸಿರಾಡುವ ಆ ಜೀವಿಯ ದೈತ್ಯದೇಹಕ್ಕೆ ಗಾಳಿಯೂ ಸಾಲದು.

ನಮ್ಮ ನೆರೆಯ ಸೇಲಮಿನ ಮಾಡರ್ನ್ ಥಿಯೇಟರ್ಸ್ ಸಂಸ್ಥೆ ಅಮೆರಿಕದವರೊಡನೆ ಸೇರಿ ತಯಾರಿಸಿದ ‘ದಿ ಜಂಗಲ್’ 1952ರಲ್ಲಿ ತೆರೆಕಂಡಿತು. ಅದರಲ್ಲಿ ಆನೆಗಳಿಗೆ ಕೂದಲ ಹೊದಿಕೆ ತೊಡಿಸಿ ಮ್ಯಾಮತ್‌ಗಳನ್ನಾಗಿ ಮಾಡಿದ್ದರು. ಹಿಮಯುಗದ ಕೂದಲುಳ್ಳ ಮ್ಯಾಮತ್ ಹೆಚ್ಚುಕಡಮೆ ಆನೆಯ ಗಾತ್ರದ್ದೇ. ಆದುದರಿಂದ ಈ ಅಗ್ಗದ ದೈತ್ಯ ನಮ್ಮ ಲೆಕ್ಕದಲ್ಲಿ ತೇರ್ಗಡೆಯಾಗುತ್ತದೆ! ಆದರೆ ಶೀತಪ್ರದೇಶದ ಆ ಪ್ರಾಣಿ ನಮ್ಮ ಕಾಡಿನ ಸೆಕೆಯನ್ನು ತಾಳೀತೇ? ಇಗೋ, ಮತ್ತೊಂದು ಪ್ರಶ್ನೆ ಹುಟ್ಟಿತು.

ಹಳೆಯ ಚಿತ್ರಗಳ ಸೊಗಸು ಇರುವುದು ಇಲ್ಲಿಯೇ. ಇಂದಿನ ಕಂಪ್ಯೂಟರು ಅಸಾಧ್ಯವಾದುದನ್ನೂ ನಯವಾಗಿ ತೋರಿಸಿ ಸಂಶಯವನ್ನು ಮಲಗಿಸಿಬಿಡುತ್ತದೆ. ಹಳೆಯ ದೈತ್ಯನ ಮೈಮೇಲೆ ಹೊಲಿಗೆ ಕಾಣುತ್ತದೆ. ಹೊಲಿಗೆಯನ್ನು ಕಂಡವನು ‘ಇದು ಹೇಗೆ?’ ಎಂದು ಕೇಳುತ್ತಾನೆ. ಕಂಡುದೆಲ್ಲವನ್ನೂ ನಂಬುವ ಅಭ್ಯಾಸ ಬೆಳೆದರೆ, ಚಿತ್ರಮಂದಿರದ ಹೊರಗೂ ನಾವು ಮೋಸಹೋಗುವುದು ಖಂಡಿತ.

ಪ್ರೌಢಶಾಲೆಗಳ ವಿಜ್ಞಾನ ಸಂಘಗಳು ವರ್ಷಕ್ಕೊಮ್ಮೆಯಾದರೂ ಇಂಥ ಚಿತ್ರವೊಂದನ್ನು ತೋರಿಸಲಿ. ವಿದ್ಯಾರ್ಥಿಗಳು ಮನಸಾರೆ ಬೆದರಲಿ, ಮನಸಾರೆ ನಗಲಿ; ಬಳಿಕ ಸೀಮೆಸುಣ್ಣ ಹಿಡಿದು ದೈತ್ಯನ ತೂಕವನ್ನು ಲೆಕ್ಕಹಾಕಲಿ.