ಹೆಡ್‌ಫೋನ್‌ಗೆ ಆಂಪ್ ಬೇಕಾ? ಮೊದ್ಲು ಲೆಕ್ಕ, ಆಮೇಲೆ ಇಎಂಐ

ಭಾಗ 1/7 🎧

"ಆಂಪ್ ಇಲ್ದೆ ಹೆಡ್‌ಫೋನಲ್ಲಿ ಹಾಡು ಕೇಳೋದು ಅಂದ್ರೆ ತುಪ್ಪ ಇಲ್ದೆ ಹೋಳಿಗೆ ತಿಂದಂಗೆ."

ಈ ಡೈಲಾಗ್ ಈ ಸೆಮಿಸ್ಟರ್‌ನಲ್ಲಿ ಎಷ್ಟು ಸಲ ಕಿವಿಗೆ ಬಿತ್ತೋ ಲೆಕ್ಕ ಇಲ್ಲ. ರೀಲ್ಸ್ ತೆಗೆದ್ರೂ ಅದೇ. ಒಂದು ಕಪ್ಪು ಡಬ್ಬ, ಅದರಲ್ಲಿ ಕಿತ್ತಳೆ ಬಣ್ಣದ ಲೈಟು, ಪಕ್ಕದಲ್ಲಿ ಕಾಫಿ ಲೋಟ, ಕೆಳಗೆ "ಲಿಂಕ್ ಬಯೋದಲ್ಲಿದೆ".

ನೇರವಾಗಿ ಹೇಳ್ತೀನಿ. ನಮ್ಮ ವಯಸ್ಸಿನವರು ನಮ್ಮ ಬಜೆಟ್‌ನಲ್ಲಿ, ಮನೇಲಿ ಕೂತು ಹಾಡು ಕೇಳೋಕೆ ತಗೊಳ್ಳೋ ಹೆಚ್ಚಿನ ಹೆಡ್‌ಫೋನ್‌ಗಳಿಗೆ ಬೇರೆ ಆಂಪ್ ಬೇಕಾಗೇ ಇಲ್ಲ. ಬೇಕಾಗೋ ಹೆಡ್‌ಫೋನ್‌ಗಳೂ ಇವೆ, ಅವನ್ನ ಹೆಸರು ಹಿಡಿದೇ ಹೇಳ್ತೀನಿ. ಆದ್ರೆ "ಎಲ್ಲರಿಗೂ ಬೇಕು" ಅನ್ನೋದು ಸುಳ್ಳು. ಆ ಸುಳ್ಳಿನ ಬಿಲ್ ನಮ್ಮ ಹೆಸರಿಗೆ ಬರ್ತಿದೆ.

ನಮ್ಮ ಕ್ಲಾಸ್‌ನಲ್ಲೇ ಒಬ್ಬ (ಅವನನ್ನ ಕೇಳಿಯೇ ಬರೀತಿದೀನಿ, ಹೆಸರು ಹಾಕಲ್ಲ) ಸ್ಕಾಲರ್‌ಶಿಪ್ ದುಡ್ಡಿಗೆ ಇಎಂಐ ಸೇರಿಸಿ 14 ಸಾವಿರದ ಆಂಪ್ ತಗೊಂಡ. ಅವನ ಹತ್ರ ಇರೋದು 3 ಸಾವಿರದ, 32 ಓಮ್‌ನ ಹೆಡ್‌ಫೋನ್. ವಾಲ್ಯೂಮ್ ತಿರುಗಣೆ ಸ್ವಲ್ಪ ಅಲುಗಿದ್ರೆ ಸಾಕು, ಕಿವಿ ನೋವು. ಪರೀಕ್ಷೆ ಫೀಸಿಗೆ ಅಕ್ಕನ ಹತ್ರ ಸಾಲ.

ಅವನಿಗೆ ಆಸೆ ಹುಟ್ಟಿಸಿದವರು ಯಾರೂ ಲೆಕ್ಕ ಹೇಳಿಕೊಡ್ಲಿಲ್ಲ. ಲೆಕ್ಕ ಇಲ್ಲಿದೆ. ಸೇವ್ ಮಾಡ್ಕೊಳ್ಳಿ.

ಭಾಗ 2/7: ಆಂಪ್ ಮಾಡೋ ಕೆಲಸ ಏನು?

ಹೆಡ್‌ಫೋನ್ ಒಳಗೆ ಇರೋದು ಚಿಕ್ಕ ಸ್ಪೀಕರ್. ಅದನ್ನ ಅಲುಗಿಸೋಕೆ ವೋಲ್ಟೇಜ್ ಬೇಕು, ಕರೆಂಟ್ ಬೇಕು. ಅಷ್ಟನ್ನ ಕೊಡೋದೇ ಆಂಪ್ ಕೆಲಸ. ಫೋನ್, ಲ್ಯಾಪ್‌ಟಾಪ್, ಟೈಪ್-ಸಿ ಡಾಂಗಲ್ ಎಲ್ಲದರ ಒಳಗೂ ಚಿಕ್ಕದೊಂದು ಆಂಪ್ ಈಗಾಗ್ಲೇ ಇದೆ. ಹಾಗಾಗಿ "ಆಂಪ್ ಬೇಕಾ" ಅನ್ನೋದು ತಪ್ಪು ಪ್ರಶ್ನೆ. "ಇರೋ ಆಂಪ್ ಸಾಲಲ್ವಾ" ಅಂತ ಕೇಳಬೇಕು.

ಹೆಡ್‌ಫೋನ್ ಬಾಕ್ಸ್ ಮೇಲೆ ಎರಡು ನಂಬರ್ ಇರತ್ತೆ. ಒಂದು ಇಂಪೀಡೆನ್ಸ್, ಓಮ್‌ನಲ್ಲಿ. ಇನ್ನೊಂದು ಸೆನ್ಸಿಟಿವಿಟಿ, ಡೆಸಿಬೆಲ್‌ನಲ್ಲಿ. ಎರಡನ್ನೂ ಒಟ್ಟಿಗೆ ನೋಡ್ಬೇಕು.

ಉದಾಹರಣೆಗೆ ಸೆನ್‌ಹೈಸರ್ ಎಚ್‌ಡಿ 650. 2003ರಿಂದ ಇರೋ ಜರ್ಮನ್ ಹೆಡ್‌ಫೋನ್. ಮನೇಲಿ ಹಾಡು ಕೇಳೋ ಹುಚ್ಚಿರೋರ ಮೆಚ್ಚಿನ ಪಟ್ಟಿಯಲ್ಲಿ ಇವತ್ತಿಗೂ ಇದೆ. 300 ಓಮ್. "ಆಂಪ್ ಇಲ್ದೆ ಆಗೋದೇ ಇಲ್ಲ" ಅಂತ ಎಲ್ಲರೂ ಹೇಳೋದು ಇದಕ್ಕೇ. ಕಂಪನಿಯೇ ಕೊಟ್ಟಿರೋ ಲೆಕ್ಕ: 1 ವೋಲ್ಟ್ ಕೊಟ್ರೆ 103 ಡೆಸಿಬೆಲ್. ಆಪಲ್‌ನ ಚಿಕ್ಕ ಟೈಪ್-ಸಿ ಡಾಂಗಲ್ ಕೊಡೋದು ಸುಮಾರು 1 ವೋಲ್ಟ್ (ಯುರೋಪ್‌ಗೆ ಮಾರೋದ್ರಲ್ಲಿ ಅರ್ಧ. ಕೆಲವು ಆಂಡ್ರಾಯ್ಡ್ ಫೋನ್‌ಗೆ ಹಾಕಿದ್ರೆ ಸೌಂಡ್ ಕಮ್ಮಿ ಬರತ್ತೆ, ಅವಕ್ಕೆ ಬೇರೆ ಕಂಪನಿ ಡಾಂಗಲ್ ನೋಡಿ).

ಪವರ್ ಎಷ್ಟಾಯ್ತು? ವೋಲ್ಟೇಜ್‌ನ ವರ್ಗ ಭಾಗಿಸು ಓಮ್: 1/300 ವ್ಯಾಟ್. 3.3 ಮಿಲಿವ್ಯಾಟ್. ರೀಲ್‌ನವರು ಮಾರೋದು "1000 ಮಿಲಿವ್ಯಾಟ್ ಬೀಸ್ಟ್".

ಎರಡನೇ ಮಹಡಿ ಟ್ಯಾಂಕ್‌ಗೆ ನೀರು ಏರಿಸೋಕೆ ಚಿಕ್ಕ ಮೋಟರ್ ಸಾಕು. 10 ಎಚ್‌ಪಿ ಮೋಟರ್ ಹಾಕಿದ್ರೆ ನೀರು ಸಿಹಿ ಆಗಲ್ಲ.

ಭಾಗ 3/7: ಬೇಕಾಗೋ ಕಡೆ ಬೇಕು, ಇಲ್ಲ ಅನ್ನಲ್ಲ

ಈಗ ಆ ಕಡೆಯವರ ಗಟ್ಟಿ ವಾದ ತಗೊಳ್ಳೋಣ.

ಹೈಫೈಮ್ಯಾನ್ ಎಚ್‌ಇ-6 ಅಂತ ಒಂದು ಪ್ಲೇನಾರ್ ಹೆಡ್‌ಫೋನ್. ಬರೀ 50 ಓಮ್. ಓಮ್ ಮಾತ್ರ ನೋಡೋರು "ಓ, ಈಸಿ" ಅಂತಾರೆ. ಆದ್ರೆ ಅದರ ಸೆನ್ಸಿಟಿವಿಟಿ 1 ಮಿಲಿವ್ಯಾಟ್‌ಗೆ 83.5 ಡೆಸಿಬೆಲ್. ಎಚ್‌ಡಿ 650 ತರ 103ರ ಹತ್ರ ಹೋಗ್ಬೇಕಂದ್ರೆ ಸುಮಾರು 100 ಮಿಲಿವ್ಯಾಟ್ ಬೇಕು. 30 ಪಟ್ಟು! ಇದಕ್ಕೆ ಫೋನ್ ಸಾಲಲ್ಲ, ಒಪ್ಪಿದೆ. ಬೇಯರ್‌ಡೈನಾಮಿಕ್ ಡಿಟಿ 880ರ 600 ಓಮ್ ಮಾಡೆಲ್‌ಗೆ ವೋಲ್ಟೇಜ್ ಜಾಸ್ತಿ ಬೇಕು. ಅದಕ್ಕೂ ಆಂಪ್ ತಗೊಳ್ಳಿ, ತಪ್ಪಿಲ್ಲ. ಇಕ್ಯೂ ಹಾಕಿ ಬಾಸ್ ತುಂಬಾ ಏರಿಸೋರಿಗೆ, ಮೆತ್ತಗೆ ರೆಕಾರ್ಡ್ ಆಗಿರೋ ಸಂಗೀತ ಕೇಳೋರಿಗೆ ಸ್ವಲ್ಪ ಹೆಚ್ಚುವರಿ ಪವರ್ ಕೈಲಿರ್ಬೇಕು. ಅದೂ ಸರಿ.

ಇನ್ನು ಟ್ಯೂಬ್ ಆಂಪ್. ಅಮೆರಿಕದ ಬಾಟಲ್‌ಹೆಡ್ ಕ್ರ್ಯಾಕ್ ಅನ್ನೋ ಕಿಟ್‌ನ ಕೈಯಾರೆ ಜೋಡಿಸಿ, ಎಚ್‌ಡಿ 600, 650 ಹಾಕಿ ಕೇಳಿ ಕಣ್ಣು ಮುಚ್ಚಿಕೊಳ್ಳೋರು ಬೇಕಾದಷ್ಟು ಜನ ಇದಾರೆ. ಅವರು ಸುಳ್ಳು ಹೇಳ್ತಿಲ್ಲ. ಆ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 120 ಓಮ್. ಈ ಹೆಡ್‌ಫೋನ್‌ಗಳ ಇಂಪೀಡೆನ್ಸ್ ಬಾಸ್ ಜಾಗದಲ್ಲಿ 500 ಓಮ್ ಹತ್ರ ಏರತ್ತೆ. ಎರಡೂ ಸೇರಿದಾಗ ಬಾಸ್ ಸುಮಾರು 1 ಡೆಸಿಬೆಲ್ ಉಬ್ಬತ್ತೆ. ಬೆಚ್ಚಗೆ, ತುಂಬಿಕೊಂಡ ಹಾಗೆ ಕೇಳತ್ತೆ. ಅದು ಒಗ್ಗರಣೆ. ಒಗ್ಗರಣೆ ಇಷ್ಟ ಅಂತ ಹಾಕ್ಕೊಳ್ಳಿ, ಆದ್ರೆ "ಇದೇ ಅಸಲಿ ರುಚಿ" ಅಂತ ಮಾರ್ಬೇಡಿ. ಆ 1 ಡೆಸಿಬೆಲ್ ಇಕ್ಯೂ ಆ್ಯಪ್‌ನಲ್ಲಿ ಪುಕ್ಕಟೆ ಸಿಗತ್ತೆ.

ಈ ಲಿಸ್ಟ್‌ನಲ್ಲಿ ನಿಮ್ಮ 32 ಓಮ್ ಹೆಡ್‌ಫೋನ್ ಇದೆಯಾ? ಇಲ್ಲ. ನಿಮ್ಮ 2 ಸಾವಿರದ ಇನ್-ಇಯರ್? ಅದೂ ಇಲ್ಲ.

ಭಾಗ 4/7: "ಭೂಮಿ ಆಕಾಶದಷ್ಟು ವ್ಯತ್ಯಾಸ ಇದೆ ಗುರು"

ಇದೆಯಾ? ಬನ್ನಿ, ಕಣ್ಣು ಕಟ್ಟಿ ಕೇಳೋಣ.

ಎರಡು ಆಂಪ್‌ನಲ್ಲಿ ಒಂದರ ಸೌಂಡ್ ಒಂದೇ ಒಂದು ಡೆಸಿಬೆಲ್ ಜಾಸ್ತಿ ಇದ್ರೂ ನಮ್ಮ ಮನಸ್ಸು ಅದನ್ನ "ಜೋರು" ಅನ್ನಲ್ಲ, "ಚೆನ್ನಾಗಿದೆ" ಅನ್ನತ್ತೆ. ಶೋರೂಮ್‌ನಲ್ಲಿ ನಡೆಯೋದೂ ಇದೇ. ಹಾಗಾಗಿ ಮೊದ್ಲು ಮಲ್ಟಿಮೀಟರ್ ಹಿಡಿದು ಎರಡರ ವೋಲ್ಟೇಜ್ ಸಮ ಮಾಡ್ಬೇಕು. ಆಮೇಲೆ ಫ್ರೆಂಡ್ ಒಬ್ಬರು ನಿಮಗೆ ಕಾಣದ ಹಾಗೆ ನಾಣ್ಯ ಚಿಮ್ಮಿ ಬದಲಾಯಿಸ್ಬೇಕು. 16 ಸಲ.

ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬರೆದವರಿಗೆ ಬೈನಾಮಿಯಲ್ ನೆನಪಿರತ್ತೆ. ಸುಮ್ನೆ ಊಹೆ ಮಾಡಿದ್ರೂ 16ರಲ್ಲಿ 8 ಸರಿ ಬರಬಹುದು. 12 ಅಥವಾ ಅದಕ್ಕಿಂತ ಜಾಸ್ತಿ ಬರೀ ಅದೃಷ್ಟದಲ್ಲಿ ಬರೋ ಸಾಧ್ಯತೆ ಶೇ. 4ಕ್ಕಿಂತ ಕಮ್ಮಿ. 12 ಹೊಡೀರಿ, ನಾನು ಬಾಯಿ ಮುಚ್ಚಿಕೊಳ್ತೀನಿ.

ಇಂಥದ್ದು ದೊಡ್ಡ ಮಟ್ಟದಲ್ಲೂ ಆಗಿದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನೋ ಇಬ್ಬರು ಅಮೆರಿಕದಲ್ಲಿ "ಹೈ-ರೆಸ್" ಡಿಸ್ಕ್‌ಗಳ ಸೌಂಡನ್ನ ನೇರವಾಗಿ ಒಂದು ಸಲ, ಸಿಡಿ ಗುಣಮಟ್ಟಕ್ಕೆ ಇಳಿಸಿ ಇನ್ನೊಂದು ಸಲ ಕೇಳಿಸಿದ್ರು. 554 ಪ್ರಯತ್ನದಲ್ಲಿ 276 ಸರಿ ಉತ್ತರ. ಶೇ. 49.8. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು.

ಇನ್ನೊಂದು ಕಥೆ. 2011ರಲ್ಲಿ ಎನ್‌ಡಬ್ಲ್ಯೂಅವ್‌ಗೈ ಅನ್ನೋ ಅಡ್ಡಹೆಸರಿನ ಎಂಜಿನಿಯರ್ ಒಬ್ಬರು ಓ2 ಅನ್ನೋ ಹೆಡ್‌ಫೋನ್ ಆಂಪ್‌ನ ಪೂರ್ತಿ ನಕ್ಷೆಯನ್ನ, ಅಳತೆಗಳ ಸಮೇತ, ಎಲ್ಲರಿಗೂ ಬಿಟ್ಟುಕೊಟ್ರು. ಎರಡು 9 ವೋಲ್ಟ್ ಬ್ಯಾಟರಿಯಲ್ಲಿ ಓಡೋ ಸರಳ ಡಬ್ಬ. 2012ರಲ್ಲಿ ಬರೆಯೋದನ್ನೇ ನಿಲ್ಲಿಸಿ ಮಾಯ ಆದ್ರು. ತನ್ನದೇನನ್ನೂ ಸೇರಿಸದೆ ಬಂದದ್ದನ್ನ ಹಾಗೇ ದಾಟಿಸೋ ಆಂಪ್ ಮಾಡೋದು ದುಬಾರಿ ರಹಸ್ಯ ಅಲ್ಲ ಅಂತ ಅವರು ತೋರಿಸಿ ಇಷ್ಟು ವರ್ಷ ಆಯ್ತು. ರೀಲ್ಸ್‌ಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಭಾಗ 5/7: ಹಾಗಾದ್ರೆ ದುಡ್ಡು ಎಲ್ಲಿ ಹಾಕೋದು?

ಹೆಡ್‌ಫೋನ್ ಮೇಲೇ ಹಾಕಿ. ಸೌಂಡ್‌ನಲ್ಲಿ ನಿಜವಾದ ವ್ಯತ್ಯಾಸ ಇರೋದು ಅಲ್ಲಿ. ಯಾವ ಸ್ವರ ಎಷ್ಟು ಜೋರಾಗಿ ಬರತ್ತೆ ಅನ್ನೋ ಫ್ರೀಕ್ವೆನ್ಸಿ ರೆಸ್ಪಾನ್ಸ್ ಒಂದೊಂದು ಹೆಡ್‌ಫೋನ್‌ನಲ್ಲಿ ಒಂದೊಂದು ತರ. ಕಿವಿಗೆ ಸರಿಯಾಗಿ ಕೂರದಿದ್ರೆ ಬಾಸ್ ಸೋರಿಹೋಗತ್ತೆ.

ಇಲ್ಲೂ ಬೆಲೆ ನೋಡಿ ಮರುಳಾಗ್ಬೇಡಿ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಅನ್ನೋ ಸಂಶೋಧಕರು 283 ಹೆಡ್‌ಫೋನ್ ಅಳೆದು ನೋಡಿದ್ರು. ಬೆಲೆಗೂ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಸಂಬಂಧ ಕಾಣಲಿಲ್ಲ. ಪಿಯುಸಿಯಲ್ಲಿ ಉರು ಹೊಡೆದ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ನೆನಪಿದೆಯಾ? ಮಾವಿನಹಣ್ಣಿನ ಉದಾಹರಣೆ ಬಿಟ್ಟು ಹೆಡ್‌ಫೋನ್ ಹಾಕಿ ಓದಿ, ಬೇಗ ಅರ್ಥ ಆಗತ್ತೆ.

ಹುಚ್ಚರು ಇಷ್ಟಪಡೋದೆಲ್ಲ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಕಾಸ್ ಪೋರ್ಟಾ ಪ್ರೊ ಬಂದಿದ್ದು 1984ರಲ್ಲಿ, ವಾಕ್‌ಮನ್ ಕಾಲದಲ್ಲಿ. ಇವತ್ತಿಗೂ ಅದೇ ಆಕಾರದಲ್ಲಿ ಮಾರಾಟ ಆಗ್ತಿದೆ. ಎಚ್‌ಡಿ 600 ಬಂದಿದ್ದು 1997ರಲ್ಲಿ, ನಾವು ಯಾರೂ ಹುಟ್ಟಿರ್ಲಿಲ್ಲ. ಇತ್ತೀಚಿನ ಮೂನ್‌ಡ್ರಾಪ್ ಚು ತರದ ಚೀನಾದ ಇನ್-ಇಯರ್‌ಗಳು ಹೊರದೇಶದಲ್ಲಿ ಸುಮಾರು 20 ಡಾಲರ್‌ಗೆ ಬಂದು ದೊಡ್ಡ ದೊಡ್ಡವರ ಬೆವರಿಳಿಸಿದ್ವು.

ಇನ್ನು ನಮ್ಮ ಮನೆ ವಿಷಯ. ಎಚ್‌ಡಿ 600, 650 ಎಲ್ಲ ಓಪನ್-ಬ್ಯಾಕ್. ಹೊರಗಿನ ಸದ್ದು ಒಳಗೆ ಬರತ್ತೆ, ಒಳಗಿನದು ಹೊರಗೆ ಹೋಗತ್ತೆ. ತಲೆ ಮೇಲೆ ಫ್ಯಾನ್ ಫುಲ್ ಸ್ಪೀಡ್‌ನಲ್ಲಿ, ಅಡುಗೆಮನೇಲಿ ಕುಕ್ಕರ್ ಸೀಟಿ, ಹಾಲ್‌ನಲ್ಲಿ ಅಜ್ಜಿ ಸೀರಿಯಲ್. ಆ ಗದ್ದಲದಲ್ಲಿ ಯಾವ ಆಂಪ್‌ನ "ಬ್ಲ್ಯಾಕ್ ಬ್ಯಾಕ್‌ಗ್ರೌಂಡ್" ಕೇಳಿಸತ್ತೆ? ಇಂಥ ಮನೆಗೆ ಕ್ಲೋಸ್ಡ್-ಬ್ಯಾಕ್ ಅಥವಾ ಕಿವಿಗೆ ಬಿಗಿಯಾಗಿ ಕೂರೋ ಇನ್-ಇಯರ್ ವಾಸಿ.

ಕೊನೆಗೆ ಕೇಳೋ ಫೈಲ್. ರಾಜನ್-ನಾಗೇಂದ್ರ ಹಾಡನ್ನ ಯಾರೋ ಸವೆದ ಕ್ಯಾಸೆಟ್‌ನಿಂದ ಅಪ್‌ಲೋಡ್ ಮಾಡಿರ್ತಾರೆ. ಕ್ಯಾಸೆಟ್‌ನಲ್ಲಿ ಕಳೆದುಹೋದ ವೀಣೆಯ ಮಿಂಚನ್ನ ಯಾವ ಆಂಪೂ ವಾಪಸ್ ತರಲ್ಲ. ಒಳ್ಳೆ ಪ್ರತಿ ಹುಡುಕಿ, ಅದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು.

ಭಾಗ 6/7: ಎರಡು ಸಾಲ

ಮೊದಲನೇ ಸಾಲ, ಇಎಂಐ. "ನೋ ಕಾಸ್ಟ್" ಅಂತ ಬರೆದಿರ್ತಾರೆ. ಬಿಕಾಂ ಓದ್ತಾ ಇದನ್ನ ನಂಬಿದ್ರೆ ನಮ್ಮ ಲೆಕ್ಚರರ್‌ಗೆ ಅವಮಾನ. ಸಾಮಾನ್ಯವಾಗಿ ಬ್ಯಾಂಕ್ ಬಡ್ಡಿ ಹಾಕೇ ಹಾಕತ್ತೆ, ಅಷ್ಟು ಮೊತ್ತವನ್ನ ಬೆಲೆಯಲ್ಲಿ ಡಿಸ್ಕೌಂಟ್ ಅಂತ ತೋರಿಸ್ತಾರೆ. ಆ ಬಡ್ಡಿ ಮೇಲೆ ಜಿಎಸ್‌ಟಿ, ಜೊತೆಗೆ ಪ್ರೊಸೆಸಿಂಗ್ ಫೀ ಬಂದ್ರೆ ಅದು ನಿಮ್ಮ ತಲೆಗೆ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ಆರ್‌ಬಿಐ 2013ರಲ್ಲೇ ಬ್ಯಾಂಕ್‌ಗಳಿಗೆ ಹೇಳಿದೆ.

ಎರಡನೇ ಸಾಲ ಕಿವಿಯದು. ಇದಕ್ಕೆ ಮರುಪಾವತಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದ್ರೆ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. ಒಳಕಿವಿಯ ಸೂಕ್ಷ್ಮ ಜೀವಕೋಶಗಳು ಒಂದು ಸಲ ಸತ್ರೆ ಮತ್ತೆ ಹುಟ್ಟಲ್ಲ.

ಈಗ ಯೋಚನೆ ಮಾಡಿ. ಸೂಕ್ಷ್ಮವಾದ ಹೆಡ್‌ಫೋನ್‌ಗೆ "ಬೀಸ್ಟ್" ಆಂಪ್ ಹಾಕಿದ್ರೆ ಖಾತ್ರಿಯಾಗಿ ಸಿಗೋ ಲಾಭ ಯಾವುದು? ಇನ್ನೂ ಜೋರಾಗಿ ಕೇಳೋ ಅವಕಾಶ ಒಂದೇ. ಅದಕ್ಕೇ ನನಗೆ ಸಿಟ್ಟು ಬರೋದು. ದುಡ್ಡು ಹೋದ್ರೆ ದುಡೀಬಹುದು. 40ನೇ ವಯಸ್ಸಿಗೆ ಕಿವಿಯಲ್ಲಿ ಸದಾ ಗುಂಯ್ ಅಂತಿದ್ರೆ ಆವತ್ತು ಯಾವ ಹೆಡ್‌ಫೋನ್ ಹಾಕ್ಕೊಂಡು ಏನು ಕೇಳ್ತೀರಿ?

ಭಾಗ 7/7: ಕಾಮೆಂಟ್‌ನಲ್ಲಿ ಬರೋದಕ್ಕೆ ಮೊದಲೇ ಉತ್ತರ

"ನನ್ನ ಲ್ಯಾಪ್‌ಟಾಪ್‌ನಲ್ಲಿ ಸುಯ್ ಅಂತ ಸದ್ದು ಬರತ್ತೆ." ಹೌದು, ಕೆಲವು ಲ್ಯಾಪ್‌ಟಾಪ್ ಜಾಕ್ ಕೆಟ್ಟದಾಗಿರತ್ತೆ. ಚಿಕ್ಕದೊಂದು ಯುಎಸ್‌ಬಿ ಡಾಂಗಲ್ ಹಾಕಿ ನೋಡಿ. ನೆಗಡಿಗೆ ಆಪರೇಷನ್ ಬೇಡ.

"ಮುಂದೆ ದೊಡ್ಡ ಹೆಡ್‌ಫೋನ್ ತಗೊಳ್ತೀನಲ್ಲ, ಈಗ್ಲೇ ಆಂಪ್ ಇರ್ಲಿ." ಕೂಸು ಹುಟ್ಟೋ ಮುಂಚೆ ಕುಲಾವಿ. ಹೆಡ್‌ಫೋನ್ ಬರ್ಲಿ, ಡಾಂಗಲ್‌ನಲ್ಲಿ ಒಂದು ವಾರ ಕೇಳಿ, ಸಾಲದಿದ್ರೆ ಆಗ ತಗೊಳ್ಳಿ.

"ನನ್ನ ದುಡ್ಡು, ನನ್ನ ಹವ್ಯಾಸ." ದುಡಿದ ದುಡ್ಡಾದ್ರೆ ನನ್ನ ತಕರಾರೇ ಇಲ್ಲ. ಟ್ಯೂಬ್ ಬೆಳಕು ನೋಡ್ತಾ ಕೂರೋದೂ ಸುಖವೇ. ಆ ಸುಖಕ್ಕೆ ವಿಜ್ಞಾನದ ವೇಷ ಹಾಕಿ, ಸ್ಕಾಲರ್‌ಶಿಪ್ ದುಡ್ಡಲ್ಲಿ ಓದೋ ಹುಡುಗರಿಗೆ ಮಾರೋರ ಮೇಲೆ ನನ್ನ ಜಗಳ.

ನನ್ನ ಪಟ್ಟಿ ಇಷ್ಟು, ಇದೇ ಕ್ರಮದಲ್ಲಿ:

1. ಕಿವಿಗೆ ಕೂರೋ, ನಿಮ್ಮ ಮನೆ ಗದ್ದಲಕ್ಕೆ ಹೊಂದೋ ಹೆಡ್‌ಫೋನ್.
2. ಒಳ್ಳೆ ಪ್ರತಿಯ ಹಾಡು.
3. ಪುಕ್ಕಟೆ ಇಕ್ಯೂ. ಆಟೋಇಕ್ಯೂ ಯೋಜನೆಯಲ್ಲಿ ಸಾವಿರಾರು ಹೆಡ್‌ಫೋನ್‌ಗೆ ಸೆಟ್ಟಿಂಗ್ ಸಿದ್ಧ ಇದೆ.
4. ಜಾಕ್ ಇಲ್ಲದ ಫೋನಾದ್ರೆ ಡಾಂಗಲ್.
5. ವಾಲ್ಯೂಮ್ ಪೂರ್ತಿ ಏರಿಸಿದ್ರೂ ಸಾಲ್ತಿಲ್ವಾ? ಓಮ್, ಸೆನ್ಸಿಟಿವಿಟಿ ಇಟ್ಟು ಭಾಗ 2ರ ಲೆಕ್ಕ ಹಾಕಿ. ಲೆಕ್ಕವೂ ಹೌದು ಅಂದ್ರೆ ಆಗ ಆಂಪ್.

ಯಾರಾದ್ರೂ "ಆಂಪ್ ತಗೋ" ಅಂದ್ರೆ ಒಂದೇ ಪ್ರಶ್ನೆ ಕೇಳಿ: "ನನ್ನ ಹೆಡ್‌ಫೋನ್‌ಗೆ ಎಷ್ಟು ಮಿಲಿವ್ಯಾಟ್ ಬೇಕು?" ನಂಬರ್ ಹೇಳಿದ್ರೆ ಕೂತು ಮಾತಾಡಿ. "ಕೇಳಿದ್ರೆ ಗೊತ್ತಾಗತ್ತೆ ಬಿಡು" ಅಂದ್ರೆ ಜೇಬು ಹಿಡ್ಕೊಂಡು ಎದ್ದು ಬನ್ನಿ.

ನಿಮ್ಮ ಹೆಡ್‌ಫೋನ್‌ನ ಎರಡು ನಂಬರ್ ಕಾಮೆಂಟ್ ಮಾಡಿ, ಲೆಕ್ಕ ನಾನು ಹಾಕಿಕೊಡ್ತೀನಿ. ಇಎಂಐ ಬಟನ್ ಮೇಲೆ ಬೆರಳಿಟ್ಟು ಕೂತಿರೋ ಫ್ರೆಂಡ್‌ನ ಇವತ್ತೇ ಟ್ಯಾಗ್ ಮಾಡಿ.

#ಹೆಡ್‌ಫೋನ್ #ಮೊದ್ಲುಲೆಕ್ಕ #ಬಿಕಾಂಹುಡುಗರು #ಕಿವಿಉಳಿಸಿ #ಕನ್ನಡದಲ್ಲಿಆಡಿಯೋ