ತಂಬಾಕು ಬಿಡುವವರಿಗೆ ಬೇಕಿರುವುದು ಉಪದೇಶವಲ್ಲ, ಚಿಕಿತ್ಸೆ

ಸಿಗರೇಟ್ ಬಿಟ್ಟು ನಾಲ್ಕು ದಿನವಾದವರಿಗೆ ಗೆಳೆಯರಿಂದ ಬಂದೇ ಬರುವ ಮಾತೊಂದಿದೆ: ‘ಒಂದೇ ಒಂದು ದಮ್ಮು ಎಳಿ, ಏನೂ ಆಗಲ್ಲ.’ ಆ ಒಂದು ದಮ್ಮಿಗೆ ಮಿದುಳಿನಲ್ಲಿ ಏನಾಗುತ್ತದೆ ಎಂಬುದನ್ನು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರ್ಥರ್ ಬ್ರಾಡಿ ಮತ್ತು ಸಂಗಡಿಗರು 2006ರಲ್ಲೇ ಅಳೆದು ತೋರಿಸಿದ್ದಾರೆ.

ಎರಡು ರಾತ್ರಿ ಸಿಗರೇಟ್ ಮುಟ್ಟದೆ ಬಂದ ಧೂಮಪಾನಿಗಳನ್ನು ಅವರು ಪೆಟ್ ಸ್ಕ್ಯಾನರ್‌ನೊಳಗೆ ಮಲಗಿಸಿದರು. ನಿಕೋಟಿನ್ ಹೋಗಿ ಅಂಟಿಕೊಳ್ಳುವ ಗ್ರಾಹಿಗಳಿಗೇ ಅಂಟುವ, ತುಸುವೇ ವಿಕಿರಣ ಸೂಸುವ ವಸ್ತುವೊಂದನ್ನು ರಕ್ತನಾಳದ ಮೂಲಕ ಹರಿಸಿದರು. ಮಿದುಳಿನ ಆಳದಲ್ಲಿರುವ ಥಾಲಮಸ್‌ನಂಥ ಭಾಗಗಳು ಪರದೆಯ ಮೇಲೆ ಕೆಂಪಗೆ ಹೊಳೆದವು. ಗ್ರಾಹಿಗಳು ಖಾಲಿ ಇವೆ ಎಂಬುದಕ್ಕೆ ಅದು ಗುರುತು. ನಡುವೆ ಬಿಡುವು ಕೊಟ್ಟು ಒಮ್ಮೆ ಒಂದು ದಮ್ಮು, ಇನ್ನೊಮ್ಮೆ ಮೂರು ದಮ್ಮು, ಮತ್ತೊಮ್ಮೆ ಇಡೀ ಸಿಗರೇಟ್, ಕೊನೆಗೆ ಸಾಕೆನಿಸುವಷ್ಟು ಸೇದಲು ಬಿಟ್ಟು ಮತ್ತೆ ಚಿತ್ರ ತೆಗೆದರು. ನಿಕೋಟಿನ್ ಬಂದು ಕೂತಲ್ಲೆಲ್ಲ ಹೊಳಪು ಆರಿತ್ತು. ಒಂದೆರಡು ದಮ್ಮಿಗೇ ಅರ್ಧದಷ್ಟು ಗ್ರಾಹಿಗಳು ಭರ್ತಿಯಾಗಿ, ಮೂರು ಗಂಟೆಗೂ ಹೆಚ್ಚು ಹೊತ್ತು ಹಾಗೇ ಉಳಿದಿದ್ದವು. ಇಡೀ ಸಿಗರೇಟಿಗೆ ಶೇ 88ಕ್ಕೂ ಹೆಚ್ಚು ಭರ್ತಿ. ಸೇದಬೇಕೆಂಬ ತಹತಹ ತಗ್ಗಿದ್ದೂ ಆಗಲೇ. ಅಂದರೆ, ದಿನವಿಡೀ ಸೇದುವವರ ಮಿದುಳಿನ ಈ ಗ್ರಾಹಿಗಳು ಹೆಚ್ಚುಕಮ್ಮಿ ಇಡೀ ದಿನ ನಿಕೋಟಿನ್‌ನಲ್ಲಿ ಮುಳುಗಿರುತ್ತವೆ.

ಇದೇ ತಂಡದ 2011ರ ಇನ್ನೊಂದು ಅಧ್ಯಯನ ಮನೆಮನೆಗೂ ಸಂಬಂಧಿಸಿದ್ದು. ಸಿಗರೇಟ್ ಸೇದುವವರ ಪಕ್ಕ ಕಾರಿನಲ್ಲಿ ಒಂದು ಗಂಟೆ ಸುಮ್ಮನೆ ಕೂತವರ ಮಿದುಳಿನಲ್ಲೂ ಶೇ 19ರಷ್ಟು ಗ್ರಾಹಿಗಳನ್ನು ನಿಕೋಟಿನ್ ಹಿಡಿದಿತ್ತು. ಅಪ್ಪ ಸೇದುವ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳೂ ಕೂತಿರುತ್ತಾರೆ ಎಂಬುದನ್ನು ಇಲ್ಲಿ ನೆನೆಯಬೇಕು.

ಬಿಟ್ಟ ಮೇಲೆ ಏನಾಗುತ್ತದೆ? ವರ್ಷಗಟ್ಟಲೆ ನಿಕೋಟಿನ್ ಉಂಡ ಮಿದುಳಿನಲ್ಲಿ ಈ ಗ್ರಾಹಿಗಳ ಸಂಖ್ಯೆಯೇ ಹೆಚ್ಚಿರುತ್ತದೆ. ನಿಕೋಟಿನ್ ನಿಂತಾಗ ಅವೆಲ್ಲ ಒಮ್ಮೆಗೇ ಬರಿದಾಗುತ್ತವೆ. ಸಿಡುಕು, ನಿದ್ದೆಗೇಡು, ಹಿಡಿದ ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಕಾರಣವಿಲ್ಲದ ಬೇಸರ ಎಲ್ಲವೂ ಮೊದಲ ದಿನವೇ ತಲೆದೋರಿ ಎರಡು–ಮೂರನೇ ದಿನಕ್ಕೆ ತುತ್ತತುದಿ ಮುಟ್ಟುತ್ತವೆ. ಯಾರ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಬಹುಪಾಲು ಮಂದಿ ಮತ್ತೆ ಸೇದತೊಡಗುವುದು ಮೊದಲ ಎಂಟು ದಿನಗಳೊಳಗೆ. ಆರು ತಿಂಗಳು, ವರ್ಷ ದಾಟಿ ನಿಲ್ಲುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ.

ಇಷ್ಟಕ್ಕೇ ನಿಂತರೆ ಇದು ನಿರಾಶೆಯ ಕಥೆ. ಆದರೆ ಇಂಥ ಸ್ಕ್ಯಾನರ್‌ಗಳೇ ಮಿದುಳು ಚೇತರಿಸಿಕೊಳ್ಳುವುದನ್ನೂ ಕಂಡಿವೆ, ಮತ್ತು ಅದರ ಬಗ್ಗೆ ನಾವು ಮಾತನಾಡುವುದು ತೀರಾ ಕಡಿಮೆ. ಯೇಲ್ ವಿಶ್ವವಿದ್ಯಾಲಯದ ಕೆಲ್ಲಿ ಕಾಸ್‌ಗ್ರೋವ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟು ನಾಲ್ಕು ವಾರವಾದರೂ ಗ್ರಾಹಿಗಳು ಸೇದದವರಿಗಿಂತ ಹೆಚ್ಚೇ ಇದ್ದವು. ಆರರಿಂದ ಹನ್ನೆರಡು ವಾರಗಳ ಹೊತ್ತಿಗೆ ಸೇದದವರ ಮಟ್ಟಕ್ಕೆ ಇಳಿದಿದ್ದವು. ಜರ್ಮನಿಯ ಸಂಶೋಧಕರು 2016ರಲ್ಲಿ ನೋಡಿದ್ದು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಶಕ್ತಿಯನ್ನು. ಧೂಮಪಾನಿಗಳಲ್ಲಿ ಅದು ಶೇ 15ರಿಂದ 20ರಷ್ಟು ಕುಗ್ಗಿತ್ತು. ಮೂರು ತಿಂಗಳು ಬಿಟ್ಟವರಲ್ಲಿ ಮಾಮೂಲಿಗೆ ಮರಳಿತ್ತು. ಈ ಎರಡು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ನಿಜವಾದ ಕಡುಕಷ್ಟಕ್ಕೆ ಸುಮಾರು ಮೂರು ತಿಂಗಳ ಗಡುವಿದೆ. ಹಳೆಯ ಅಡ್ಡಾ, ಊಟದ ನಂತರದ ಹೊತ್ತು, ಗೆಳೆಯನ ಕೈಯ ಲೈಟರ್ ಆಮೇಲೂ ಆಸೆ ಕೆರಳಿಸಬಹುದು. ಆದರೆ ಮಿದುಳಿನ ಒಳಗಿನ ಏರುಪೇರು ಶಾಶ್ವತವಲ್ಲ.

ಈ ಹಪಹಪಿ ಕೂತಿರುವುದೆಲ್ಲಿ ಎಂಬ ಪ್ರಶ್ನೆಗೆ ಅನಿರೀಕ್ಷಿತ ಸುಳಿವು ಸಿಕ್ಕಿದ್ದು ಪಾರ್ಶ್ವವಾಯು ರೋಗಿಗಳಿಂದ. ಅಯೋವಾ ವಿಶ್ವವಿದ್ಯಾಲಯದ ರೋಗಿಗಳನ್ನು ಆಧರಿಸಿ ನಾಸಿರ್ ನಕ್ವಿ ಮತ್ತು ಆಂಟೊಯಿನ್ ಬೆಚಾರಾ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮಿದುಳಿಗೆ ಪೆಟ್ಟಾಗುವ ಮುನ್ನ ಸೇದುತ್ತಿದ್ದ 69 ಮಂದಿಯಲ್ಲಿ 19 ಮಂದಿಗೆ ಹಾನಿಯಾಗಿದ್ದು ಇನ್ಸುಲಾ ಎಂಬ ಭಾಗಕ್ಕೆ. ಮಿದುಳಿನ ಪಕ್ಕದ ಮಡಿಕೆಯೊಳಗೆ ಅಡಗಿರುವ ಇದು ಹಸಿವು, ಬಾಯಾರಿಕೆ, ಎದೆಬಡಿತದಂಥ ದೇಹದೊಳಗಿನ ಸುದ್ದಿಗಳನ್ನು ಅರಿವಿಗೆ ತರುವ ಜಾಗ. ಆ 19ರಲ್ಲಿ 13 ಮಂದಿ ಸೇದುವುದನ್ನು ಬಿಟ್ಟಿದ್ದರು. ಅವರಲ್ಲಿ 12 ಮಂದಿಗೆ ಅದು ಕಷ್ಟವೇ ಅನಿಸಿರಲಿಲ್ಲ. ಮತ್ತೆ ಸೇದುವ ಆಸೆಯೇ ಹುಟ್ಟಿರಲಿಲ್ಲ. ಅವರು ರಾತ್ರೋರಾತ್ರಿ ಗಟ್ಟಿ ಮನಸ್ಸಿನವರಾದರೇ? ಇಲ್ಲ. ಅವರ ದೇಹ ತಂಬಾಕನ್ನು ಕೇಳುವುದನ್ನು ನಿಲ್ಲಿಸಿತ್ತು. ಹಾಗಿದ್ದರೆ, ಕೇಳುತ್ತಲೇ ಇರುವ ದೇಹದೊಂದಿಗೆ ದಿನವೂ ಹೋರಾಡಿ ಸೋತವರನ್ನು ಮನಸ್ಸು ಗಟ್ಟಿಯಿಲ್ಲದವರು ಎಂದು ಹಳಿಯುವ ಹಕ್ಕು ನಮಗಿಲ್ಲ.

ಇದೇ ಜಾಡಿನಲ್ಲಿ, ತಲೆಯ ಮೇಲೆ ಕಾಂತೀಯ ಸುರುಳಿಯಿಟ್ಟು ಇನ್ಸುಲಾ ಮತ್ತು ಮುಂಮಿದುಳನ್ನು ಪ್ರಚೋದಿಸುವ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಒಪ್ಪಿಗೆ ಕೊಟ್ಟಿತು. 262 ಮಂದಿಯ ಪ್ರಯೋಗದಲ್ಲಿ, 18ನೇ ವಾರದವರೆಗೂ ಬಿಟ್ಟೇ ಇದ್ದವರು ನಿಜವಾದ ಚಿಕಿತ್ಸೆ ಪಡೆದವರಲ್ಲಿ ಶೇ 19.4, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ 8.7. ಗಮನಾರ್ಹವೇ. ಆದರೆ ವಾರಗಟ್ಟಲೆ ಆಸ್ಪತ್ರೆಗೆ ಅಲೆಯಬೇಕಾದ ಈ ಚಿಕಿತ್ಸೆ ನಮ್ಮ ಕೂಲಿಕಾರರಿಗೆ ಎಟುಕುವಂಥದ್ದಲ್ಲ. ಸರ್ಕಾರಗಳು ಮೊದಲು ಹಣ ಹಾಕಬೇಕಾದದ್ದು ಇದಕ್ಕೂ ಅಲ್ಲ.

ಬಣ್ಣದ ಚಿತ್ರಗಳಿಗೆ ಮರುಳಾಗಬಾರದು ಎಂಬುದನ್ನೂ ಹೇಳಬೇಕು. ಬ್ರಾಡಿಯವರ ಅಧ್ಯಯನದಲ್ಲಿದ್ದವರು 11 ಮಂದಿ. ಇನ್ಸುಲಾ ನೋವಿಗೂ ಮಿಡಿಯುತ್ತದೆ, ಹೇಸಿಗೆಗೂ ಮಿಡಿಯುತ್ತದೆ. ಅದು ಬೆಳಗಿದ್ದನ್ನು ಕಂಡ ಮಾತ್ರಕ್ಕೆ ಚಟವೆಂದು ತೀರ್ಮಾನಿಸಲಾಗದು. ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ‘ಇವರು ಬಿಡುತ್ತಾರೆ, ಇವರು ಬಿಡಲಾರರು’ ಎಂದು ಹೇಳುವಷ್ಟು ಈ ವಿದ್ಯೆ ಬೆಳೆದಿಲ್ಲ.

ನಮ್ಮ ಮಟ್ಟಿಗೆ ಇನ್ನೂ ದೊಡ್ಡ ಕೊರತೆಯಿದೆ. ಮೇಲಿನ ಅಧ್ಯಯನಗಳೆಲ್ಲ ಸಿಗರೇಟಿಗೆ, ಅದರ ಹೊಗೆಗೆ ಸಂಬಂಧಿಸಿದವು. 2016–17ರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3, ಹೆಚ್ಚುಕಡಿಮೆ ಎರಡರಷ್ಟು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿ, ಕೆಳತುಟಿಯೊಳಗೆ ತಂಬಾಕು ಒತ್ತಿಕೊಂಡು ಇಡೀ ಪಾಳಿ ಕಳೆಯುವ ಕಟ್ಟಡ ಕಾರ್ಮಿಕ ಇವರ ಮಿದುಳಿಗೆ ನಿಕೋಟಿನ್ ಹೋಗುವ ದಾರಿಯೇ ಬೇರೆ. ಹೊಗೆಯಲ್ಲಾದರೆ ಸೆಕೆಂಡುಗಳಲ್ಲಿ ತಲುಪುವುದು, ಬಾಯಿಯ ಒಳಪೊರೆಯಿಂದ ನಿಧಾನವಾಗಿ ಇಳಿದು ಬಹಳ ಹೊತ್ತು ಉಳಿಯುತ್ತದೆ. ಇವರನ್ನೇ ಕುರಿತ ಮಿದುಳಿನ ಅಧ್ಯಯನಗಳು ಇಲ್ಲಿಯೇ, ದೊಡ್ಡ ಪ್ರಮಾಣದಲ್ಲಿ ನಡೆಯಬೇಕು. ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ರಾಜ್ಯಕ್ಕೆ ಇದು ಆಗದ ಕೆಲಸವೇನಲ್ಲ.

ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು ಕರ್ನಾಟಕ 18ರಿಂದ 21ಕ್ಕೆ ಏರಿಸಿರುವುದು ಸರಿಯಾದ ಹೆಜ್ಜೆ. ಆವೇಗಕ್ಕೆ ಕಡಿವಾಣ ಹಾಕುವ ಮುಂಮಿದುಳು ಬಲಿಯುವುದು ಇಪ್ಪತ್ತರ ಹರೆಯದ ನಡುವಿಗೆ. ಆದರೆ ಈಗಾಗಲೇ ಚಟಕ್ಕೆ ಬಿದ್ದವರಿಗೆ ಕಾಯ್ದೆ, ದಂಡ, ಪ್ಯಾಕಿನ ಮೇಲಿನ ಭಯಾನಕ ಚಿತ್ರ ಇಷ್ಟೇ ಸಾಲದು. ನಿಕೋಟಿನ್ ಗಮ್ ಮತ್ತು ಚರ್ಮಕ್ಕೆ ಅಂಟಿಸುವ ಪಟ್ಟಿಗಳು ಬರಿದಾದ ಗ್ರಾಹಿಗಳನ್ನು ತಾತ್ಕಾಲಿಕವಾಗಿ ತಣಿಸುತ್ತವೆ. ವರೆನಿಕ್ಲಿನ್ ಮಾತ್ರೆ ಅದೇ ಗ್ರಾಹಿಗಳ ಮೇಲೆ ಕೂತು ಅರೆಪಾಲು ಕೆಲಸ ಮಾಡುತ್ತದೆ, ನಿಕೋಟಿನ್‌ಗೆ ಜಾಗ ಬಿಡುವುದಿಲ್ಲ. ಗಮ್ ಮತ್ತು ಪಟ್ಟಿಯ ಚಿಕಿತ್ಸೆ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ವರೆನಿಕ್ಲಿನ್ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೆ 2021ರಲ್ಲೇ ಸೇರಿದೆ. ಇವು ಪ್ರತಿ ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂರು ತಿಂಗಳ ಮಟ್ಟಿಗೆ ಉಚಿತವಾಗಿ ಸಿಗುವಂತಾಗಬೇಕು. ಮೊದಲ ಎಂಟು ದಿನ ಆಶಾ ಕಾರ್ಯಕರ್ತೆಯೋ ಆಪ್ತಸಮಾಲೋಚಕರೋ ದಿನಕ್ಕೊಮ್ಮೆ ವಿಚಾರಿಸಬೇಕು. ಕ್ಯಾನ್ಸರ್ ಚಿಕಿತ್ಸೆಗೆ ಖರ್ಚಾಗುವ ಹಣದ ಮುಂದೆ ಇದು ಏನೇನೂ ಅಲ್ಲ.

ಬಿಡಬೇಕೆಂದಿರುವವರು ಅಲ್ಲಿಯವರೆಗೆ ಕಾಯಬೇಕಿಲ್ಲ. ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ. ಕನ್ನಡದಲ್ಲೇ ಮಾತನಾಡಬಹುದು.