ಅಜ್ಜಿಯ ಫೋನಿಗೆ ಎಷ್ಟು ಜಿಬಿ ಬೇಕು?

ಇಪ್ಪತ್ತೆಂಟು ದಿನದ ತಿಂಗಳು ಯಾವ ಪಂಚಾಂಗದಲ್ಲಿದೆ? ಮೊಬೈಲ್ ರೀಚಾರ್ಜಿನ ಪಂಚಾಂಗದಲ್ಲಿದೆ. ಮಕ್ಕಳೇ, 28ನ್ನು 13ರಿಂದ ಗುಣಿಸಿ ನೋಡಿ, 364 ಬರುತ್ತದೆ. ಅಂದರೆ ಆ ಪಂಚಾಂಗದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಸಂಬಳ ಹನ್ನೆರಡು ಸಲ, ರೀಚಾರ್ಜ್ ಹದಿಮೂರು ಸಲ. ಮನೆಯಲ್ಲಿ ನಾಲ್ಕು ಫೋನಿದ್ದರೆ ಐವತ್ತೆರಡು ಸಲ!

ನಾನು ಬ್ಯಾಂಕಿಗೆ ಸೇರಿದಾಗ ದೂರದೂರಿಗೆ ಮಾತನಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆಮೇಲೆ ಎಸ್‌ಟಿಡಿ ಬೂತ್‌ಗಳು ಬಂದವು. ಕೋಲಾರಕ್ಕೆ 08152, ಮಾಲೂರಿಗೆ 08151, ಮುಳಬಾಗಿಲಿಗೆ 08159, ಶ್ರೀನಿವಾಸಪುರಕ್ಕೆ 08157. ಈ ಸಂಖ್ಯೆಗಳು ನನಗೆ ಇನ್ನೂ ಬಾಯಿಪಾಠ. 1995ರಲ್ಲಿ ದೇಶಕ್ಕೆ ಮೊಬೈಲ್ ಬಂದಾಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಅದು ನಿಂತದ್ದು 2003ರಲ್ಲಿ. ನಮ್ಮಂಥ ಹಳಬರು ಫೋನ್ ಎತ್ತಿದೊಡನೆ "ಬೇಗ ಹೇಳು" ಎನ್ನುವುದು ಆ ಕಾಲದ ಅಭ್ಯಾಸ, ಸಿಟ್ಟಲ್ಲ.

ಮುಳಬಾಗಿಲಿನಲ್ಲಿರುವ ನನ್ನ ತಂಗಿಯದು ಬಟನ್ ಫೋನು. ಬೆಂಗಳೂರಿನ ಮಗ ತಪ್ಪದೆ ರೀಚಾರ್ಜ್ ಮಾಡಿಸುತ್ತಾನೆ. ದಿನಕ್ಕೆ ಎರಡು ಜಿಬಿ, ಕರೆಗಳಿಗೆ ಮಿತಿಯಿಲ್ಲ. ಆ ಫೋನಿನಲ್ಲಿ ಇಂಟರ್‌ನೆಟ್ಟೇ ಇಲ್ಲ! ಅಷ್ಟಾದರೂ ಅವಳು ಮಗನಿಗೆ ಮಿಸ್ಡ್ ಕಾಲ್ ಕೊಟ್ಟು ಇಟ್ಟುಬಿಡುತ್ತಾಳೆ. ಅವನು ಕೆಲಸದಲ್ಲಿದ್ದರೆ ತಿರುಗಿ ಮಾಡುವುದು ಮರೆತುಹೋಗುತ್ತದೆ. "ಯಾಕಮ್ಮ, ನೀನೇ ಮಾತಾಡಬಾರದಾ?" ಎಂದೆ. "ಸುಮ್ಮನೆ ದುಡ್ಡು ಯಾಕಣ್ಣ ಕಳೆಯೋದು" ಎಂದಳು. "ದುಡ್ಡು ಆಗಲೇ ಕಟ್ಟಾಗಿದೆ ಕಣೇ. ಮಾತಾಡದಿದ್ದರೇ ನಷ್ಟ" ಎಂದು ಎರಡೆರಡು ಸಲ ಹೇಳಬೇಕಾಯಿತು. ಯಾವ ಪ್ಲಾನ್ ಹಾಕಿಸಿದ್ದೇವೆ ಎಂಬುದನ್ನು ಆ ಫೋನ್ ಹಿಡಿದವರಿಗೆ ಹೇಳುವುದೂ ಲೆಕ್ಕದ ಒಂದು ಭಾಗವೇ.

ಹಾಗಾದರೆ ಆರಿಸುವುದು ಹೇಗೆ? ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಪ್ರತಿ ಫೋನಿಗೂ ಒಂದು ಸಾಲು. ಏಳು ದಿನ ಬರೆಯಿರಿ: ಎಷ್ಟು ಕರೆ ಮಾಡಿದರು, ಎಷ್ಟು ಡೇಟಾ ಖರ್ಚಾಯಿತು, ಮನೆಯಲ್ಲಿ ವೈಫೈ ಉಂಟೋ ಇಲ್ಲವೋ. ಶ್ರೀನಿವಾಸಪುರದ ಮಾವಿನ ವ್ಯಾಪಾರಿಗೆ ಸುಗ್ಗಿಯಲ್ಲಿ ಮದನಪಲ್ಲಿಗೂ ಚೆನ್ನೈಗೂ ಬಿಡುವಿಲ್ಲದ ಕರೆ. ಮಾಲೂರಿನ ಇಟ್ಟಿಗೆ ಗೂಡಿಗೆ ಬೇರೆ ರಾಜ್ಯದಿಂದ ಬಂದವರಿಗೆ ರಾತ್ರಿ ಮಕ್ಕಳ ಮುಖ ನೋಡಲು ವಿಡಿಯೊ ಕರೆ, ಅದಕ್ಕೆ ಡೇಟಾ ಬೇಕು. ಅಜ್ಜಿಗೆ ಬರೀ ಮಾತು ಸಾಕು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸುತ್ತೇವೆಯೇ?

ಆಮೇಲೆ ಭಾಗಾಕಾರ. ಬೆಲೆಯನ್ನು ದಿನಗಳಿಂದ ಭಾಗಿಸಿ. ಇವು ಲೆಕ್ಕಕ್ಕೆಂದು ಹಿಡಿದ ಸಂಖ್ಯೆಗಳು, ಯಾವ ಕಂಪನಿಯವೂ ಅಲ್ಲ: 28 ದಿನಕ್ಕೆ 210 ರೂಪಾಯಿ ಆದರೆ ದಿನಕ್ಕೆ ಏಳೂವರೆ. 84 ದಿನಕ್ಕೆ 504 ಆದರೆ ಆರು. 365 ದಿನಕ್ಕೆ 1825 ಆದರೆ ಐದು. ಮೊದಲನೆಯದನ್ನು ಹದಿಮೂರು ಸಲ ಹಾಕಿಸಿದರೆ 2730 ರೂಪಾಯಿ. ವರ್ಷದ ಪ್ಲಾನಿಗಿಂತ 905 ರೂಪಾಯಿ ಹೆಚ್ಚು.

ಹಾಗೆಂದು ಎಲ್ಲರೂ ವರ್ಷದ್ದನ್ನೇ ಕಟ್ಟಬೇಕೆಂದಿಲ್ಲ. ದಿನಗೂಲಿಯವರಿಗೆ ಒಟ್ಟಿಗೆ ಅಷ್ಟು ಹಣ ಹೊಂದಿಸುವುದು ಕಷ್ಟ. ನಿಮ್ಮ ಹಳ್ಳಿಯಲ್ಲಿ ಆ ಕಂಪನಿಯ ಸಿಗ್ನಲ್ ಸಿಗದಿದ್ದರೆ ವರ್ಷದ ಹಣವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಪಕ್ಕದ ಮನೆಯವರ ಫೋನ್ ತಂದು ನಿಮ್ಮ ಅಡುಗೆಮನೆಯಲ್ಲಿ ನಿಂತು ಒಮ್ಮೆ ಮಾತನಾಡಿ ನೋಡಿ.

ಅಂಗಡಿಯವರನ್ನು ಎರಡು ವಿಷಯ ಕೇಳಿ. ಪ್ರತಿ ಕಂಪನಿಯೂ 30 ದಿನದ ಪ್ಲಾನನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಪ್ಲಾನನ್ನೂ ಇಟ್ಟಿರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ ಹೇಳಿತು. ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ನಾವು ಕೇಳದಿದ್ದರೆ ಇವನ್ನು ಯಾರೂ ಮುಂದಿಟ್ಟು ತೋರಿಸುವುದಿಲ್ಲ. ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯವಂತೂ 2011ರಿಂದಲೇ ದೇಶದಾದ್ಯಂತ ಇದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಬರೆದು 1900ಕ್ಕೆ ಕಳಿಸಬೇಕು.

ಕೊನೆಯದಾಗಿ ಬ್ಯಾಂಕಿನವನ ಮಾತು. "ಅಜ್ಜಿ ಯಾರಿಗೂ ಫೋನ್ ಮಾಡುವುದಿಲ್ಲ, ರೀಚಾರ್ಜ್ ಯಾಕೆ?" ಎಂದು ಬಿಟ್ಟುಬಿಡಬೇಡಿ. ಅವರ ಪಿಂಚಣಿ ಖಾತೆಗೆ, ಆಧಾರ್‌ಗೆ ಅದೇ ನಂಬರ್ ಕೊಟ್ಟಿರುತ್ತದೆ. ಬಹುಕಾಲ ಬಳಸದ ನಂಬರ್ ರದ್ದಾಗುತ್ತದೆ, ಆಮೇಲೆ ಬೇರೊಬ್ಬರಿಗೆ ಹೋಗುತ್ತದೆ. ಆಗ ಅಜ್ಜಿಯ ಖಾತೆಯ ಒಟಿಪಿ ಯಾರದೋ ಕೈಯಲ್ಲಿ! ಒಂದು ವೇಳೆ ಆ ನಂಬರ್ ಬಿಡಲೇಬೇಕಾದರೆ, ಮೊದಲು ಬ್ಯಾಂಕಿಗೆ ಹೋಗಿ ಹೊಸ ನಂಬರ್ ಬರೆಸಿ, ನಂತರ ಬಿಡಿ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಮನೆಯ ಪ್ರತಿ ಫೋನಿನ ರೀಚಾರ್ಜ್ ಮುಗಿಯುವ ದಿನವನ್ನು ಕೇಳಿ ತಿಳಿದು, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿ. ಮೊದಲ ಸುತ್ತು ಅಜ್ಜಿಯದು.